ಡಾ. ಯಲ್ಲಾಪ್ರಗಡ ಸುಬ್ಬರಾವ್

ಗೆಳೆಯರೇ, ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆ ನಿಮಗೆಲ್ಲ ಗೊತ್ತು. ಅದರಲ್ಲಿ ಕಬ್ಬಿಣದ ಅಂಶ ಮತ್ತು ಫೋಲಿಕ್ ಆಮ್ಲ ಇರುತ್ತವೆ. ನಾನು ಅದನ್ನು ಬಾಯಲ್ಲಿ ಇಟ್ಟುಕೊಂಡು ಹೊರಗೆ ಹೋಗಿ ಉಗುಳುತ್ತಿದ್ದೆ. ಸುಬ್ಬರಾವ್ ಅವರ ಜೀವನ ತಿಳಿದ ಮೇಲೆ ಉಗುಳುವುದು ಬಿಟ್ಟೆ.

ಸುಬ್ಬರಾವ್ 1895ನೇ ಇಸವಿ ಜನವರಿ 12ರಂದು ಭೀಮವರಂನಲ್ಲಿ ಹುಟ್ಟಿದರು. ಈ ಊರು ಈಗ ಆಂಧ್ರಪ್ರದೇಶದಲ್ಲಿದೆ. ಮನೆಯಲ್ಲಿ ಬಡತನ. ನನ್ನಷ್ಟೇ ವಯಸ್ಸಿನಲ್ಲಿ, ಅಂದರೆ 13ನೇ ವರ್ಷದಲ್ಲಿ, ಕಾಶಿಯಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡ್ತೀನಿ ಅಂತ ಮನೆ ಬಿಟ್ಟು ಓಡಿದರು. ತಾಯಿ ಬಿಡಲಿಲ್ಲ. ವಾಪಸ್ ಕರೆತಂದು ಓದಿಗೆ ಹಚ್ಚಿದರು. ಮೆಟ್ರಿಕ್ ಪಾಸಾಗಿದ್ದು ಮೂರನೇ ಸಲಕ್ಕೆ!

ಮುಂದೆ ಮದ್ರಾಸಿನಲ್ಲಿ ಡಾಕ್ಟರ್ ಓದಿದರು. ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ಗೌನು ತೊಟ್ಟರು. ಬ್ರಿಟಿಷ್ ಪ್ರೊಫೆಸರಿಗೆ ಸಿಟ್ಟು ಬಂತು. ಅದರಿಂದ ಎಂ.ಬಿ.ಬಿ.ಎಸ್. ಬದಲು ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಮಾತ್ರ ಸಿಕ್ಕಿತು. ಆ ದಿನಗಳಲ್ಲೇ ಸ್ಪ್ರೂ ಎಂಬ ರೋಗದಿಂದ ಅವರ ಇಬ್ಬರು ಅಣ್ಣತಮ್ಮಂದಿರು ತೀರಿಕೊಂಡರು. ಈ ರೋಗ ಬಂದರೆ ಉಂಡದ್ದು ಮೈಗೆ ಹತ್ತುವುದಿಲ್ಲ, ರಕ್ತ ಕಡಿಮೆಯಾಗುತ್ತದೆ.

ನಂತರ ಸುಬ್ಬರಾವ್ ಅಮೆರಿಕದ ಬೋಸ್ಟನ್ನಿಗೆ ಹೋದರು. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ರೋಗಿಗಳ ಮಲಮೂತ್ರದ ಪಾತ್ರೆ ತೊಳೆದರು. ಹಾರ್ವರ್ಡ್‌ನಲ್ಲಿ ದೊಡ್ಡ ಸಂಶೋಧನೆ ಮಾಡಿದರೂ ಅಲ್ಲಿ ಕಾಯಂ ಕೆಲಸ ಸಿಗಲಿಲ್ಲ. 1940ರಲ್ಲಿ ಲೆಡರ್ಲೆ ಎಂಬ ಔಷಧ ಕಂಪನಿ ಸೇರಿದರು. ಅಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು. ಅಣ್ಣತಮ್ಮಂದಿರನ್ನು ಕೊಂದ ಸ್ಪ್ರೂಗೆ ಅದೇ ಮದ್ದಾಯಿತು.

ಕತೆ ಇಲ್ಲಿಗೆ ಮುಗಿಯಲಿಲ್ಲ. ಲ್ಯುಕೇಮಿಯಾ ಅಂದರೆ ರಕ್ತದ ಕ್ಯಾನ್ಸರ್. ಇದರಲ್ಲಿ ಕೆಟ್ಟ ಬಿಳಿ ರಕ್ತಕಣಗಳು ಲೆಕ್ಕವಿಲ್ಲದೆ ಹೆಚ್ಚುತ್ತವೆ. ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯ ಡಾ. ಸಿಡ್ನಿ ಫಾರ್ಬರ್ ಅವರು ಫೋಲಿಕ್ ಆಮ್ಲ ಕೊಟ್ಟರೆ ಈ ರೋಗ ಇನ್ನೂ ಜೋರಾಗುವುದನ್ನು ಕಂಡರು. ಕಳೆಗೆ ಗೊಬ್ಬರ ಹಾಕಿದ ಹಾಗೆ ಆಯ್ತು. ಯಾಕೆಂದರೆ ಒಂದು ಕಣ ಎರಡಾಗಲು ಡಿ.ಎನ್.ಎ. ನಕಲಾಗಬೇಕು, ಅದಕ್ಕೆ ಫೋಲಿಕ್ ಆಮ್ಲ ಬೇಕೇ ಬೇಕು. ಹಾಗಾದರೆ ಅದನ್ನೇ ತಡೆದರೆ? ಸುಬ್ಬರಾವ್ ಅವರ ತಂಡ ನೋಡಲು ಫೋಲಿಕ್ ಆಮ್ಲದಂತೆಯೇ ಇರುವ, ಆದರೆ ಖೋಟಾ ನಾಣ್ಯದಂತೆ ಕೆಲಸಕ್ಕೆ ಬಾರದ ಅಮಿನಾಪ್ಟೆರಿನ್ ಮಾಡಿಕೊಟ್ಟಿತು. 1948ರಲ್ಲಿ ಫಾರ್ಬರ್ ವರದಿ ಕೊಟ್ಟರು. 16 ಮಕ್ಕಳಲ್ಲಿ 10 ಮಕ್ಕಳಿಗೆ ಗುಣ ಕಂಡಿತ್ತು. ಅದು ಸ್ವಲ್ಪ ಕಾಲ ಮಾತ್ರ, ರೋಗ ಮತ್ತೆ ಬಂತು. ಆದರೂ ಔಷಧಿಯಿಂದ ಈ ರೋಗವನ್ನು ಹಿಮ್ಮೆಟ್ಟಿಸಬಹುದು ಅಂತ ಗೊತ್ತಾಯ್ತು.

ಅದೇ ವರ್ಷ ಆಗಸ್ಟ್‌ನಲ್ಲಿ ಸುಬ್ಬರಾವ್ 53ನೇ ವಯಸ್ಸಿಗೆ ತೀರಿಕೊಂಡರು. ತಾಯ್ನಾಡಿಗೆ ಮರಳಿ ಬರಲೇ ಇಲ್ಲ.

ಜೀನುಗಳು ಕೆಟ್ಟು ಈ ರೋಗ ಬರುತ್ತದೆ ಅಂತ ಆಮೇಲೆ ತಿಳಿಯಿತು. ಈಗ ರೋಗಿಯ ಮೈಯಲ್ಲಿ ಕಾವಲು ಕಾಯುವ ಟಿ ಕಣಗಳನ್ನೇ ಹೊರತೆಗೆದು, ಅವುಗಳಿಗೆ ಹೊಸ ಜೀನ್ ಸೇರಿಸಿ, ಕ್ಯಾನ್ಸರ್ ಕಣಗಳನ್ನು ಗುರುತು ಹಿಡಿದು ಕೊಲ್ಲುವಂತೆ ಮಾಡಿ ಮತ್ತೆ ಒಳಗೆ ಬಿಡುತ್ತಾರೆ. ಇದು ಕಾರ್-ಟಿ ಚಿಕಿತ್ಸೆ. ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಆಸ್ಪತ್ರೆ ಸೇರಿ ರೂಪಿಸಿದ ಇಂಥ ಚಿಕಿತ್ಸೆಗೆ 2023ರಲ್ಲಿ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕಿತು. ಆದರೂ ಸುಬ್ಬರಾವ್ ತಂಡದ ಇನ್ನೊಂದು ಮದ್ದು ಮೆಥೋಟ್ರೆಕ್ಸೇಟನ್ನು ಲ್ಯುಕೇಮಿಯಾ ಬಂದ ಮಕ್ಕಳಿಗೆ ಇಂದಿಗೂ ಕೊಡುತ್ತಾರೆ.

ಬ್ಲಡ್ ಕ್ಯಾನ್ಸರ್ ಬಂದರೆ ಸತ್ತೇ ಹೋಗ್ತಾರೆ ಅಂತ ಸಿನಿಮಾ ನೋಡಿ ನಾನು ನಂಬಿದ್ದೆ. ಅದು ತಪ್ಪು. ಮಕ್ಕಳಿಗೆ ಹೆಚ್ಚಾಗಿ ಬರುವ ಲ್ಯುಕೇಮಿಯಾಕ್ಕೆ ಒಳ್ಳೆಯ ಚಿಕಿತ್ಸೆ ಸಿಕ್ಕರೆ ಬಹಳ ಮಂದಿ ಬದುಕುತ್ತಾರೆ. ಎರಡು ಸಲ ಫೇಲಾದ ಹುಡುಗನ ದುಡಿಮೆಯೂ ಅದರ ಹಿಂದೆ ಇದೆ. ಆದ್ದರಿಂದ ಗೆಳೆಯರೇ, ಫೇಲಾದವರು ಶಾಲೆ ಬಿಡಬೇಡಿ. ನೀಲಿ ಗುಳಿಗೆಯನ್ನೂ ಉಗುಳಬೇಡಿ.

— 7ನೇ ತರಗತಿ