ಅಂಗಳದಲ್ಲೇ ಶಾಲೆ ತೆರೆದ ತಾರಾಬಾಯಿ ಮೋಡಕ್

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಅಂಗನವಾಡಿ ಎಂಬ ಮಾತನ್ನು ಅರಿಯದವರಿಲ್ಲ. ತಾಯಿ ಬೀಡಿ ಕಟ್ಟಲು ಕುಳಿತಾಗ, ಕಬ್ಬಿನ ಹೊಲಕ್ಕೆ ಹೊರಟಾಗ ಮಗುವಿಗೆ ಅದೇ ಆಸರೆ. ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಈ ಕಲ್ಪನೆಗೆ ರೂಪ ಕೊಟ್ಟವರು ತಾರಾಬಾಯಿ ಮೋಡಕ್.

1892ರ ಏಪ್ರಿಲ್ 19ರಂದು ಮುಂಬೈಯಲ್ಲಿ ಜನಿಸಿದ ಅವರು 1914ರಲ್ಲಿ ಪದವಿ ಪಡೆದರು. ದಾಂಪತ್ಯ ಮುರಿದುಬಿದ್ದರೂ ಎದೆಗುಂದದೆ ರಾಜಕೋಟದ ಮಹಿಳಾ ಶಿಕ್ಷಕಿಯರ ತರಬೇತಿ ಕಾಲೇಜಿನ ಪ್ರಾಂಶುಪಾಲರಾದರು. 1923ರಲ್ಲಿ ಆ ಹುದ್ದೆಯನ್ನು ತೊರೆದು ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಜೊತೆಗೂಡಿದರು. ಇಟಲಿಯ ಮಾರಿಯಾ ಮಾಂಟೆಸ್ಸೊರಿಯವರ ಪದ್ಧತಿಯನ್ನು ಅಲ್ಲಿ ಪುಟ್ಟ ಮಕ್ಕಳ ಕಲಿಕೆಗೆ ಅಳವಡಿಸಲಾಗುತ್ತಿತ್ತು. 1926ರಲ್ಲಿ ಇವರಿಬ್ಬರೂ ನೂತನ ಬಾಲ ಶಿಕ್ಷಣ ಸಂಘವನ್ನು ಸ್ಥಾಪಿಸಿದರು. 1936ರಲ್ಲಿ ತಾರಾಬಾಯಿ ದಾದರ್‌ನಲ್ಲಿ ಶಿಶು ವಿಹಾರ ಆರಂಭಿಸಿದರು.

ಆದರೆ ಮಾಂಟೆಸ್ಸೊರಿ ಸಲಕರಣೆಗಳು ದುಬಾರಿ. ಬಡವರ ಮಕ್ಕಳಿಗೆ ಇದು ದಕ್ಕುವುದು ಹೇಗೆ? ಉತ್ತರ ಹುಡುಕುತ್ತಾ 1945ರಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ, ಅವರು ಬೋರ್ಡಿ ಗ್ರಾಮಕ್ಕೆ ತೆರಳಿದರು. ಅನುತಾಯಿ ವಾಘ್ ಅಲ್ಲಿ ಅವರ ಸಹೋದ್ಯೋಗಿಯಾದರು. ದಲಿತರ ಕೇರಿಯ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಆಗ ಬಾಲವಾಡಿಯೇ ಅವರ ಮನೆಯಂಗಳಕ್ಕೆ ಹೋಯಿತು. ಇದೇ ಅಂಗಣ ಬಾಲವಾಡಿ.

ಅಲ್ಲಿ ಊರಿನಲ್ಲೇ ಸಿಗುವ ಕಲ್ಲು, ಎಲೆ, ಬೀಜ, ಕಪ್ಪೆಚಿಪ್ಪು, ಮಣ್ಣುಗಳೇ ಆಟಿಕೆಗಳಾದವು. ಬೀಜಗಳನ್ನು ಬೇರೆ ಬೇರೆ ಗುಂಪು ಮಾಡುವ ಮಗು ಲೆಕ್ಕದ ಮೊದಲ ಪಾಠ ಕಲಿಯುತ್ತದೆ. ಹೂವು ಪೋಣಿಸುವ, ಮಣ್ಣು ನಾದುವ ಬೆರಳುಗಳು ಮುಂದೆ ಬಳಪ ಹಿಡಿಯಲು ಬಲಗೊಳ್ಳುತ್ತವೆ. ಹಾಡು, ಕಥೆಗಳಿಂದ ಮಾತು ಬೆಳೆಯುತ್ತದೆ. ಆಟದಲ್ಲಿ ತನ್ನ ಸರದಿಗಾಗಿ ಕಾಯುವುದರಿಂದ ತಾಳ್ಮೆ ಬರುತ್ತದೆ.

ಮುಂದೆ ಕೆಲಸ ಕೋಸಬಾಡ್ ಗುಡ್ಡದ ವಾರ್ಲಿ ಆದಿವಾಸಿಗಳ ನಡುವೆ ಸಾಗಿತು. ದನ ಮೇಯಿಸುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಯಿತು. ತಮ್ಮ ತಂಗಿಯರನ್ನು ಕಂಕುಳಲ್ಲಿ ಹೊತ್ತ ಹುಡುಗಿಯರು ಓದಿನಿಂದ ವಂಚಿತರಾಗಬಾರದೆಂದು ಶಿಶುಪಾಲನಾ ಕೇಂದ್ರ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ತಂದರು. 1962ರಲ್ಲಿ ಪದ್ಮಭೂಷಣ ಪ್ರಶಸ್ತಿ ಅವರನ್ನು ಅರಸಿ ಬಂತು. 1973ರ ಆಗಸ್ಟ್ 31ರಂದು ಅವರು ನಿಧನರಾದರು.

ಅದಾಗಿ ಎರಡು ವರ್ಷಗಳ ಬಳಿಕ, 1975ರ ಅಕ್ಟೋಬರ್ 2ರಂದು, ಕೇಂದ್ರ ಸರಕಾರವು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ನಮ್ಮ ರಾಜ್ಯದಲ್ಲಿ ತಿರುಮಕೂಡಲು ನರಸೀಪುರ ಇದಕ್ಕೆ ಆಯ್ಕೆಯಾಗಿತ್ತು. ಅಂಗನವಾಡಿ ಎಂಬ ಹೆಸರು ಹೀಗೆ ಹಳ್ಳಿಹಳ್ಳಿಗೂ ತಲುಪಿತು.

ಹೆಸರೇನೋ ಉಳಿದಿದೆ, ಅದರ ಒಳಗಿನ ಆಟ ಉಳಿಯಬೇಕು. ಊಟಕ್ಕಷ್ಟೇ ಅಂಗನವಾಡಿ, ಕಲಿಯಲು ಎಲ್‌ಕೆಜಿ ಎಂಬ ಭಾವನೆ ಹಲವು ಪಾಲಕರಲ್ಲಿದೆ. 3 ವರ್ಷದ ಕೂಸಿನ ಕೈಗೆ ಪೆನ್ಸಿಲ್ ಕೊಟ್ಟು ಅವಸರಪಡಿಸುವವರಿದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಈ ವಯಸ್ಸಿಗೆ ಆಟದ ಮೂಲಕ ಕಲಿಕೆಯನ್ನೇ ಹೇಳುತ್ತದೆ. ಮಗು ಅಂಗಳದಲ್ಲಿ ಮಣ್ಣಾಡುವಾಗ ಗದರಿಸುವ ಮುನ್ನ, ಅದು ಏನು ಮಾಡುತ್ತಿದೆ ಎಂದು ಒಂದು ಕ್ಷಣ ನೋಡೋಣ. ಅದು ಕಲಿಯುತ್ತಿದೆ.