ಹೊಸೂರು ಬರೆದ ಕೈ, ಕಡಲಂಚನ್ನೂ ಬರೆಯಿತು

ನಮ್ಮ ಹೊಸೂರನ್ನು ಇನ್ನೂರು ವರ್ಷಕ್ಕೂ ಹಿಂದೆ ಚಿತ್ರದಲ್ಲಿ ಹಿಡಿದವರು ಇಂಗ್ಲೆಂಡಿನ ಥಾಮಸ್ ಡೇನಿಯಲ್ ಮತ್ತು ಅವರ ಅಣ್ಣನ ಮಗ ವಿಲಿಯಂ. ಹೆಸರೆಲ್ಲ ಚಿಕ್ಕಪ್ಪನದೇ ಆಯಿತು. ಆ ನೆರಳಿನಿಂದ ಹುಡುಗನನ್ನು ಈಚೆಗೆ ತಂದದ್ದು ಅವನ ಸ್ವಂತ ನಾಡಿನ ಒರಟು ಕಡಲು.

ವಿಲಿಯಂ ಹುಟ್ಟಿದ್ದು 1769ರಲ್ಲಿ. ಹತ್ತರ ಆಸುಪಾಸಿನಲ್ಲೇ ತಂದೆ ತೀರಿಕೊಂಡರು, ಸಾಕಿದ್ದು ಚಿಕ್ಕಪ್ಪ. ಇನ್ನೂ ಮೀಸೆ ಚಿಗುರುವ ವಯಸ್ಸು, 1785ರಲ್ಲಿ ಇಬ್ಬರೂ ಹಡಗು ಹತ್ತಿ, ಚೀನಾ ಕಂಡು, ಮರುವರ್ಷ ಕಲ್ಕತ್ತೆಗೆ ಬಂದರು. 1792ರಲ್ಲಿ ಟಿಪ್ಪುವಿನೊಡನೆ ನಡೆದ ಮೂರನೇ ಯುದ್ಧ ಮುಗಿದ ಕೂಡಲೇ ಮದರಾಸಿನಿಂದ ಹೊರಟು ಕೃಷ್ಣಗಿರಿ, ಹೊಸೂರು, ಬೆಂಗಳೂರು ಸೀಮೆ ತಿರುಗಿದರು. 1794ಕ್ಕೆ ವಾಪಸ್ ಹೋಗಿ, 1808ರೊಳಗೆ 144 ಚಿತ್ರಗಳನ್ನು ಅಚ್ಚು ಹಾಕಿದರು. ಹೊಸೂರೂ ಅದರಲ್ಲೊಂದು.

ಈ ಅಚ್ಚಿನ ಕೆಲಸ ಸುಲಭದ್ದಲ್ಲ. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕಾಯಿಸಿ ಅಂಟಿಸಬೇಕು. ಆಮ್ಲಕ್ಕೆ ಅದ್ದಿದರೆ ಕಣಗಳ ಸಂದಿಯಲ್ಲಿ ತಾಮ್ರ ಸವೆಯುತ್ತೆ. ಬೆಳಕಿರಬೇಕಾದ ಕಡೆ ವಾರ್ನಿಶ್ ಬಳಿದು ಮುಚ್ಚಿ, ಮತ್ತೆ ಅದ್ದಬೇಕು. ಹೆಚ್ಚು ಸವೆದಲ್ಲಿ ಶಾಯಿ ಹೆಚ್ಚು ನಿಂತು ಕಪ್ಪಾಗುತ್ತೆ. ಮೋಡ, ಮಂಜು, ನೀರಿನ ಮೇಲಿನ ಬಿಸಿಲು ಎಲ್ಲಾ ಮೂಡೋದು ಹೀಗೇ. ಆಮೇಲೆ ಕೈಯಿಂದ ಬಣ್ಣ.

1813ರಲ್ಲಿ ವಿಲಿಯಂ ಗ್ರೇಟ್ ಬ್ರಿಟನ್ ದ್ವೀಪದ ಕರಾವಳಿಯನ್ನೇ ಸುತ್ತಿ ಬರೆಯಲು ಹೊರಟ. ದೋಣಿಯಲ್ಲಿ ಹೋಗೋಣ ಅಂತ ಲೆಕ್ಕ; ಕಡಲು ಕೇಳಬೇಕಲ್ಲ! ಬಹುಪಾಲು ನೆಲದ ದಾರಿಯೇ ಆಯಿತು. ವಿವರ ಬರೆಯಲು ಜೊತೆಗಿದ್ದ ರಿಚರ್ಡ್ ಏಟನ್ ಎರಡು ಸಂಪುಟದ ನಂತರ ಕೈಬಿಟ್ಟರು. ಬರವಣಿಗೆಯೂ ಈತನ ಹೆಗಲಿಗೇ ಬಿತ್ತು.

1815ರಲ್ಲಿ ಸ್ಕಾಟ್ಲೆಂಡಿನ ಪಡುವಣ ದ್ವೀಪಗಳಿಗೆ ಹೋದ. ಅಲ್ಲಿನ ಸ್ಟಾಫಾ ದ್ವೀಪದಲ್ಲಿ ಹಿಂದೆಂದೋ ಉಕ್ಕಿದ ಲಾವಾರಸ ಆರುತ್ತಾ ಬಿರಿದು, ಸಾಲು ಕಂಬಗಳಾಗಿ ನಿಂತಿದೆ. ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪ ಕಂಡವರಿಗೆ ಅಂದಾಜು ಸಿಕ್ಕೀತು. ಅಲ್ಲಿನ ಫಿಂಗಲ್ ಗುಹೆಯೊಳಕ್ಕೆ ಕಡಲೇ ನುಗ್ಗುತ್ತದೆ. ಆ ಗುಹೆಯನ್ನು ಹೊರಗೂ ಒಳಗೂ ನಿಂತು ಬರೆದ.

1825ರ ಹೊತ್ತಿಗೆ ಎಂಟು ಸಂಪುಟ, 308 ಅಚ್ಚು. ತಗಡು ಕೊರೆದದ್ದೂ ತಾನೇ. ನಡುವೆ 1822ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯನಾದ. ಆ ಸಲ ಸೋತವರಲ್ಲಿ ಮುಂದೆ ಜಗತ್ಪ್ರಸಿದ್ಧನಾದ ಕಾನ್‌ಸ್ಟೆಬಲ್ ಇದ್ದ.

ವಿಲಿಯಂ ತೀರಿಕೊಂಡದ್ದು 1837ರಲ್ಲಿ. ಕೈಹಿಡಿದು ಕಲಿಸಿದ ಚಿಕ್ಕಪ್ಪ ಮಾತ್ರ 1840ರವರೆಗೂ ಇದ್ದರು. ಸಾಕಿದ ಮಗನ ಹೆಸರು ಬೆಳೆದದ್ದನ್ನೂ ಕಂಡರು, ಅವನು ತನಗಿಂತ ಮುಂಚೆ ಹೋದದ್ದನ್ನೂ ಕಂಡರು.