ವೈನ್ ಹಳೆಯದಾದಷ್ಟೂ ಒಳ್ಳೆಯದೇ? ಲೂಯಿ ಪಾಶ್ಚರ್ ಕಂಡುಕೊಂಡದ್ದು

ಹಾಲಿನ ಪ್ಯಾಕೆಟ್ ಮೇಲೆ ‘ಪಾಶ್ಚರೀಕರಿಸಿದ’ ಎಂಬ ಪದವನ್ನು ನೀವು ಓದಿರುತ್ತೀರಿ. ಆ ಪದಕ್ಕೆ ಹೆಸರು ಕೊಟ್ಟ ಲೂಯಿ ಪಾಶ್ಚರ್ ಈ ವಿಧಾನವನ್ನು ರೂಪಿಸಿದ್ದು ಹಾಲಿಗಾಗಿ ಅಲ್ಲ, ವೈನ್‌ಗಾಗಿ.

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಪೂರ್ವ ಫ್ರಾನ್ಸಿನ ದೋಲ್ ಪಟ್ಟಣದಲ್ಲಿ. ತಂದೆ ಚರ್ಮ ಹದ ಮಾಡುತ್ತಿದ್ದರು. ಬೆಳೆದದ್ದು ಜೂರಾ ಸೀಮೆಯ ಆರ್ಬುವಾದಲ್ಲಿ. ತಿಪಟೂರು, ತುರುವೇಕೆರೆಗೆ ತೆಂಗು ಹೇಗೋ ಆರ್ಬುವಾಗೆ ದ್ರಾಕ್ಷಿ ಹಾಗೆ. 1848ರಲ್ಲಿ ಅವರಿಗೆ ಹೆಸರು ತಂದದ್ದು ಟಾರ್ಟಾರಿಕ್ ಆಮ್ಲದ ಹರಳುಗಳ ಅಧ್ಯಯನ. ಈ ಆಮ್ಲದ ಲವಣ ವೈನ್ ಪೀಪಾಯಿಯ ಒಳಗೋಡೆಗೆ ಗಟ್ಟಿಕಟ್ಟುತ್ತದೆ. ನಮ್ಮ ಹುಣಸೆಹಣ್ಣಿನ ಹುಳಿಯೂ ಮುಖ್ಯವಾಗಿ ಇದೇ ಆಮ್ಲದ್ದು.

ಹುಳಿಯುವುದು ಏಕೆ?

ಮಾಯಸಂದ್ರದ ತೋಟದಲ್ಲಿ ಇಳಿಸಿದ ಸಿಹಿ ನೀರಾವನ್ನು ಹಾಗೇ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಹೆಂಡವಾಗುತ್ತದೆ. ಇನ್ನೂ ಬಿಟ್ಟರೆ ವಿನೆಗರ್‌ನಂತೆ ಹುಳಿಯಾಗುತ್ತದೆ. ಸಕ್ಕರೆಯನ್ನು ಮದ್ಯಸಾರ ಮಾಡುವುದು ಯೀಸ್ಟ್. ಮದ್ಯಸಾರವನ್ನು ಹುಳಿ ಮಾಡುವುದು ಬೇರೆ ಬ್ಯಾಕ್ಟೀರಿಯಾ. ಇದು ಬರೀ ರಾಸಾಯನಿಕ ಕ್ರಿಯೆ, ಜೀವಿಗಳ ಕೆಲಸವಲ್ಲ ಎಂದು ಆಗ ಹಲವು ಹೆಸರಾಂತ ರಸಾಯನಶಾಸ್ತ್ರಜ್ಞರು ನಂಬಿದ್ದರು. ಅದು ಸೂಕ್ಷ್ಮಜೀವಿಗಳದೇ ಕೆಲಸವೆಂದು 1857ರಿಂದ ಪಾಶ್ಚರ್ ಒಂದೊಂದಾಗಿ ತೋರಿಸುತ್ತ ಹೋದರು.

ಫ್ರಾನ್ಸಿನ ವೈನ್ ದೂರದ ಊರು ಸೇರುವಷ್ಟರಲ್ಲಿ ಕೆಡುತ್ತಿತ್ತು. ಕಾರಣ ಹುಡುಕುವಂತೆ 1863ರಲ್ಲಿ ಚಕ್ರವರ್ತಿ ಮೂರನೇ ನೆಪೋಲಿಯನ್ ಕೇಳಿದರು. ಪಾಶ್ಚರ್ ತಮ್ಮೂರು ಆರ್ಬುವಾಗೇ ಹೋಗಿ ಪ್ರಯೋಗಾಲಯ ಹೂಡಿದರು. ಕೆಟ್ಟ ವೈನನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬೇರೆ ಬೇರೆ ಕೇಡಿಗೆ ಬೇರೆ ಬೇರೆ ಸೂಕ್ಷ್ಮಜೀವಿ ಕಂಡಿತು. ಗಾಳಿ ತಗುಲದಂತೆ ಸುಮಾರು 50ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಸ್ವಲ್ಪ ಹೊತ್ತು ಬಿಸಿ ಮಾಡಿದರೆ ವೈನ್ ಕೆಡಲಿಲ್ಲ. ವೈನ್ ಕುರಿತ ಅವರ ಪುಸ್ತಕ 1866ರಲ್ಲಿ ಬಂತು.

ಮಾಗುವುದು ಬೇರೆ, ಕೆಡುವುದು ಬೇರೆ

ಪಾಶ್ಚರ್ ವೈನನ್ನು ಗಾಜಿನ ನಳಿಕೆಗಳಲ್ಲಿ ಮುಚ್ಚಿಟ್ಟರು. ಗಾಳಿ ಇಲ್ಲದಂತೆ ತುಂಬಿದವು ಹೆಚ್ಚು ಬದಲಾಗಲಿಲ್ಲ. ಗಾಳಿ ಇದ್ದವುಗಳಲ್ಲಿ ಬಣ್ಣ ಮಾಸಿ ಗಸಿ ಇಳಿಯಿತು. ಆಮ್ಲಜನಕ ನಿಧಾನವಾಗಿ ಸೇರಿದರೆ ಮಾಗುತ್ತದೆ, ಅತಿಯಾದರೆ ಹಾಳಾಗುತ್ತದೆ. ಇಂದು ನಮಗೆ ಗೊತ್ತಿರುವಂತೆ, ಕೆಂಪು ವೈನಿನ ಒಗರು ಮತ್ತು ಬಣ್ಣದ ಅಂಶಗಳು ವರ್ಷಗಳು ಕಳೆದಂತೆ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಆಗ ಬಣ್ಣ ಇಟ್ಟಿಗೆಗೆಂಪಾಗಿ ಒಗರು ಮೆತ್ತಗಾಗುತ್ತದೆ. ಒಗರು, ಹುಳಿ ಸಾಕಷ್ಟಿರುವ ಕೆಲವೇ ವೈನ್‌ಗಳು ದಶಕಗಟ್ಟಲೆ ಹೀಗೆ ಮಾಗುತ್ತವೆ. ಉಳಿದವನ್ನು ಬೇಗ ಕುಡಿಯುವುದಕ್ಕೆಂದೇ ಮಾಡಿರುತ್ತಾರೆ, ಇಟ್ಟರೆ ಸಪ್ಪೆಯಾಗುತ್ತವೆ.

ಈ ವರ್ಷಗಳಲ್ಲೇ ಪಾಶ್ಚರ್ ಮನೆಯಲ್ಲಿ ಸಾವುಗಳಾದವು. ಐವರು ಮಕ್ಕಳಲ್ಲಿ ಮೂವರು ಚಿಕ್ಕಂದಿನಲ್ಲೇ ತೀರಿಕೊಂಡರು; ಅವರಲ್ಲಿ ಇಬ್ಬರನ್ನು ಒಯ್ದದ್ದು ಟೈಫಾಯ್ಡ್. 1868ರಲ್ಲಿ ಪಾರ್ಶ್ವವಾಯು ಬಡಿದು ಅವರ ಎಡಭಾಗ ಸ್ವಾಧೀನ ತಪ್ಪಿತು. ಆದರೂ ವೈನ್ ಕೆಡಿಸುವ ಜೀವಿಗಳಿಂದ ಮನುಷ್ಯನನ್ನು ಕೆಡಿಸುವ ಜೀವಿಗಳತ್ತ ಅವರ ಕೆಲಸ ಸಾಗಿತು. 1885ರಲ್ಲಿ ಹುಚ್ಚುನಾಯಿ ಕಡಿದ ಬಾಲಕನಿಗೆ ಲಸಿಕೆ ಕೊಟ್ಟರು, ಅವನು ಉಳಿದ. ಪಾಶ್ಚರ್ ತೀರಿಕೊಂಡದ್ದು 1895ರ ಸೆಪ್ಟೆಂಬರ್ 28ರಂದು.

ಹಾಗಾದರೆ ಹಳೆಯ ವೈನ್ ಔಷಧಿಯೇ?

ಅಲ್ಲ. ಪಾಶ್ಚರ್ ವೈನನ್ನು ಆರೋಗ್ಯಕರ ಪಾನೀಯವೆಂದು ಹೊಗಳಿದ್ದು ನಿಜ. ಆದರೆ ಅದು ಕುಡಿಯುವ ನೀರೇ ರೋಗ ಹರಡುತ್ತಿದ್ದ ಕಾಲ. ಎಷ್ಟು ವರ್ಷ ಮಾಗಿದರೂ ಬಾಟಲಿಯಲ್ಲಿನ ಮದ್ಯಸಾರ ಮದ್ಯಸಾರವಾಗಿಯೇ ಉಳಿಯುತ್ತದೆ. ಅದು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಾಶ್ಚರ್ ಅವರಿಂದ ನಮ್ಮ ಮನೆಗೆ ತಂದುಕೊಳ್ಳಬೇಕಾದದ್ದು ಬಿಸಿ ಮಾಡಿದ ಹಾಲು ಮತ್ತು ನಾಯಿ ಕಚ್ಚಿದ ದಿನವೇ ಹಾಕಿಸುವ ಲಸಿಕೆ.